ನವಿಲಿನ ಮೇಲೆ ಹತ್ತು ವಾಕ್ಯ

ವೇಲಂಕಾಡು ತೋಟ, ಕಾಂಗೇಯಂ ತಾಲೂಕು
21 ಅಕ್ಟೋಬರ್ 2024

ಇಂದುಜಾ ಮಿಸ್ ಅವರಿಗೆ,

ನಿಮ್ಮ ಕ್ಷೇಮ ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಹನ್ನೊಂದು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಶಾಲೆಗೆ ಬಂದರೆ, ಮಿಸ್ ಕೆಲಸ ಬಿಟ್ಟು ಕೊಯಮತ್ತೂರಿಗೆ ಹೋದರು ಎಂದು ಗೇಟಿನಲ್ಲೇ ಹೇಳಿ ಕಳಿಸಿದರು. ಆಫೀಸಿನ ಸಾಂತಿ ಅಕ್ಕನನ್ನು ಕಾಡಿ ಬೇಡಿ ಈ ವಿಳಾಸ ತಂದಿದ್ದೇನೆ.

ನಾನು ಐದನೇ ತರಗತಿಯ ನಿತ್ಯಾಳ ಅಮ್ಮ, ಸತ್ಯಾ. ಪೇರೆಂಟ್ಸ್ ಮೀಟಿಂಗಿನಲ್ಲಿ ನಿಮ್ಮ ಜೊತೆ ಕನ್ನಡ ಮಾತಾಡಿದ ತಾಯಿ ನಾನೊಬ್ಬಳೇ, ಮರೆತಿರಲಾರಿರಿ. ನಾನು ಹುಟ್ಟಿದ್ದು ತಾಳವಾಡಿ ಕಡೆ. ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಮದುವೆಯಾಗಿ ಬಂದ ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಮಾತ್ರ ಒಬ್ಬರಿಗೂ ಬಾರದು. ನಿಮಗೆ ತಮಿಳು ಓದಲು ಬಾರದು, ನನಗೆ ಇಂಗ್ಲಿಷಿನಲ್ಲಿ ಬರೆಯಲು ಬಾರದು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನನಗೆ ಅಳು ಬಂದುಬಿಡುತ್ತಿತ್ತು.

ಹೋದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅರಣ್ಯದವರ ಜೀಪು ನಮ್ಮ ತೋಟಕ್ಕೆ ಬಂತು. ನಮ್ಮ ಮಾವ ದೊರೈಸಾಮಿ ದನಕ್ಕೆ ಮೇವು ಹಾಕುತ್ತಿದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ. ನವಿಲಿಗೆ ವಿಷ ಹಾಕಿದ್ದು ನೀನೇನಾ ಎಂದು ಎಲ್ಲರ ಎದುರು ಏಕವಚನದಲ್ಲಿ ಕೇಳಿದರು. ಪಕ್ಕದ ಕಂದಸಾಮಿಯವರ ಬೀಳು ಹೊಲದಲ್ಲಿ ಆರು ನವಿಲು ಸತ್ತು ಬಿದ್ದಿದ್ದವಂತೆ. ನಾವು ಯಾಕೆ ಹಾಕುತ್ತೇವೆ ಎಂದು ನಾನು ಕೇಳಿದ್ದಕ್ಕೆ, ಅವರಲ್ಲೊಬ್ಬ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಅದು ನಿತ್ಯಾಳ ಕೈಬರಹ. ನೀವು ಕೊಟ್ಟ ಹೋಂವರ್ಕ್ ಹಾಳೆ.

‘ಮೈ ತಾತ ಗೇವ್ ಟೂ ಮಚ್ ಮೆಡಿಸಿನ್ ಟು ದ ಪೀಕಾಕ್.’

ಇದೇ ಸಾಕ್ಷಿಯಂತೆ. ಮನೆಯ ಹಿಂದೆ ದೊಡ್ಡ ಮಂಕರಿಯ ಕೆಳಗೆ ಒಂದು ನವಿಲು ಇತ್ತು, ಅದನ್ನೂ ಹಿಡಿದುಕೊಂಡರು. ಅದಕ್ಕೆ ನಾಯಿ ಕಚ್ಚಿ ಕಾಲು ಹೋಗಿತ್ತು ಮಿಸ್. ಮಾವ ಅದನ್ನು ಎತ್ತಿ ತಂದು ಒಂದು ವಾರ ಮಗುವಿನಂತೆ ನೋಡಿಕೊಂಡರು. ಹೊತ್ತು ಹೊತ್ತಿಗೆ ಮದ್ದು, ಇಲ್ಲಿಯವರ ಮಾತಿನಲ್ಲಿ ಮರುಂದು, ಕುಡಿಸುತ್ತಿದ್ದರು. ಮಗು ಬರೆದದ್ದು ಅದನ್ನು. ನವಿಲನ್ನು ಮನೆಯಲ್ಲಿ ಇಟ್ಟುಕೊಂಡದ್ದೂ ಅಪರಾಧ ಎಂದು ಇನ್ನೊಂದು ಕೇಸು ಸೇರಿಸಿ, ಹದಿನೈದು ದಿನ ಒಳಗೆ ಹಾಕಿದ್ದಾರೆ.

ಮಾವ ತಾವೇ ಹೋಗಿ ಜೀಪು ಹತ್ತಿದರು. ನಿತ್ಯಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಆ ಫೋಟೋ ಅವಳಿಗೂ ಕಾಣಿಸಿತ್ತು.

ಇಂಗ್ಲಿಷ್ ಕಲಿಯಲಿ ಎಂದು ನಿಮ್ಮ ಹತ್ತಿರ ಕಳಿಸಿದೆ. ಅವಳು ಕಲಿತ ಇಂಗ್ಲಿಷನ್ನು ತೆಗೆದುಕೊಂಡು ಹೋಗಿ ಅವಳ ತಾತನ ಮೇಲೆಯೇ ಹಾಕಿದಿರಿ. ನಿಮಗೆ ಒಂದೇ ಕೆಲಸ ಹೇಳುತ್ತೇನೆ. ಬನ್ನಿ. ಆ ವಾಕ್ಯದ ಅರ್ಥ ಅದಲ್ಲ ಎಂದು ಅವರ ಎದುರು ನಿಂತು ಹೇಳಿ.

ಸತ್ಯಾ ಭೂಪತಿ


ಸಿಂಗಾನಲ್ಲೂರು, ಕೊಯಮತ್ತೂರು
28 ಅಕ್ಟೋಬರ್ 2024

ಶ್ರೀಮತಿ ಸತ್ಯಾ ಅವರಿಗೆ,

ನಿಮ್ಮ ಕಾಗದ ತಲುಪಿತು. ನಿಮ್ಮ ಮಾವನವರಿಗಾದ ತೊಂದರೆಗೆ ನನಗೂ ಬೇಸರವಿದೆ. ಆದರೆ ನೀವು ಬಳಸಿರುವ ಮಾತುಗಳು ಸರಿಯಲ್ಲ.

ಪ್ರಮಾಣ ತಿಳಿಸುವ ಪದಗಳನ್ನು, ಎಂದರೆ ಸ್ವಲ್ಪ, ಸಾಕಷ್ಟು, ತುಂಬಾ, ಅತಿಯಾಗಿ ಎನ್ನುವ ಮಾತುಗಳನ್ನು ಇಂಗ್ಲಿಷಿನಲ್ಲಿ ಕಲಿಸಲು, ಮನೆಯ ಹತ್ತಿರದ ಒಂದು ಪ್ರಾಣಿಯನ್ನೋ ಪಕ್ಷಿಯನ್ನೋ ನೋಡಿ ಹತ್ತು ವಾಕ್ಯ ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದೆ. ಅಳಿಲು, ಗಿಳಿ, ಓತಿಕೇತ ಎಂದು ಒಬ್ಬೊಬ್ಬರು ಒಂದೊಂದನ್ನು ಆರಿಸಿಕೊಂಡರು. ನಿತ್ಯಾ ನವಿಲನ್ನು ಆರಿಸಿಕೊಂಡಳು. ಅವಳು ಏನು ಬರೆಯಬೇಕೆಂದು ನಾನು ಹೇಳಿಕೊಡಲಿಲ್ಲ.

‘ಟೂ ಮಚ್’ ಎಂದರೆ ಮಿತಿ ಮೀರಿದ್ದು, ಕೆಡುಕಾಗುವಷ್ಟು ಎಂದರ್ಥ. ನಿಮ್ಮ ಕಡೆ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೂ ಮರುಂದು ಎಂದೇ ಹೇಳುತ್ತಾರೆ, ಅದನ್ನು ಮಾರುವ ಅಂಗಡಿಗೂ ಅದೇ ಹೆಸರು. ಆರು ನವಿಲು ಸತ್ತ ಸುದ್ದಿ ಬಂದ ದಿನವೇ ‘ತಾತ ನವಿಲಿಗೆ ಮಿತಿಮೀರಿ ಮರುಂದು ಕೊಟ್ಟರು’ ಎನ್ನುವ ವಾಕ್ಯ ಕಣ್ಣಿಗೆ ಬಿದ್ದರೆ ಯಾವ ಟೀಚರ್ ಆದರೂ ಏನೆಂದುಕೊಳ್ಳುತ್ತಾಳೆ? ನಾನು ಹಾಳೆಯನ್ನು ಶಾಲೆಯವರಿಗೆ ತೋರಿಸಿದೆ, ಅಷ್ಟೆ. ಅಲ್ಲಿಂದ ಮುಂದೆ ಅದು ಯಾರ ಯಾರ ಫೋನಿಗೆ ಹೋಯಿತೋ ನನಗೆ ಗೊತ್ತಿಲ್ಲ.

ಸತ್ತ ಹಕ್ಕಿಗಳ ಬಗ್ಗೆ ನಿಮ್ಮ ಕಾಗದದಲ್ಲಿ ಒಂದೇ ಒಂದು ಸಾಲು ಇದೆ. ಅವಕ್ಕೂ ಜೀವವಿತ್ತು.

ನನ್ನ ಯಜಮಾನರಿಗೆ ತಿರುಪ್ಪೂರಿನಿಂದ ಇಲ್ಲಿಗೆ ವರ್ಗವಾದ್ದರಿಂದ ಕೆಲಸ ಬಿಟ್ಟೆ. ಬೇರೆ ಕಾರಣವಿಲ್ಲ. ಈ ವಿಷಯದಲ್ಲಿ ನಾನು ಮಾಡಬಹುದಾದದ್ದು ಇನ್ನೇನೂ ಇಲ್ಲ. ದಯವಿಟ್ಟು ವಕೀಲರನ್ನು ನೋಡಿ.

ಇಂದುಜಾ


ವೇಲಂಕಾಡು ತೋಟ
4 ನವೆಂಬರ್ 2024

ಇಂದುಜಾ ಮಿಸ್,

ವಕೀಲರನ್ನು ನೋಡಿ ಎಂದು ಬರೆದಿರಿ. ನೋಡಿ ಆಯಿತು. ಇನ್ನೂ ಹದಿನೈದು ದಿನ ಒಳಗೇ ಇರಿಸಿದ್ದಾರೆ. ದೀಪಾವಳಿಗೆ ಇಲ್ಲಿ ಒಲೆಯ ಮೇಲೆ ಎಣ್ಣೆ ಇಡಲಿಲ್ಲ.

ಈ ಕಾಗದದ ಜೊತೆ ನಿತ್ಯಾಳ ನೋಟ್‌ಬುಕ್ಕಿನ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ನೋಡಿ. ನೀವು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಕಾಪಿ ಮಾಡಿಸಿದ ಏಣಿ. ಕೆಳಗಿನ ಮೆಟ್ಟಿಲಲ್ಲಿ ಇರುವೆ, ಅ ಲಿಟಲ್ ಸ್ಟ್ರಾಂಗ್. ಅದರ ಮೇಲೆ ನಾಯಿ, ಕ್ವೈಟ್ ಸ್ಟ್ರಾಂಗ್. ಅದರ ಮೇಲೆ ನಮ್ಮ ಕಾಂಗೇಯಂ ಹೋರಿ, ವೆರಿ ಸ್ಟ್ರಾಂಗ್. ಎಲ್ಲಕ್ಕೂ ಮೇಲೆ ಆನೆ, ಟೂ ಸ್ಟ್ರಾಂಗ್. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ನಿಮ್ಮ ಸಹಿ, ಗುಡ್ ಎಂದು ಬೇರೆ ಬರೆದಿದ್ದೀರಿ.

ಆನೆಗೆ ಮಿತಿಮೀರಿದ, ಕೆಡುಕಾಗುವಷ್ಟು ಬಲ ಇದೆ ಎಂದೇ ನೀವು ಕಲಿಸಿದ್ದು? ಟೂ ಎಂದರೆ ಏನು ಎಂದು ನಿತ್ಯಾಳನ್ನು ಕೇಳಿದೆ. ‘ವೆರಿಗಿಂತ ದೊಡ್ಡದು ಅಮ್ಮಾ, ಎಲ್ಲಕ್ಕಿಂತ ಜಾಸ್ತಿ’ ಎಂದಳು. ತಾತ ಎಲ್ಲರಿಗಿಂತ ಹೆಚ್ಚು ಅಕ್ಕರೆಯಿಂದ ಮದ್ದು ಮಾಡಿದರು ಎಂದು ಬರೆಯಲು ಹೋಗಿದ್ದಾಳೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಅದು ಎಂದು ನೀವೇ ತೋರಿಸಿಕೊಟ್ಟಿದ್ದೀರಿ. ಕಲಿಸುವಾಗ ಒಂದು ಅರ್ಥ, ಹಿಡಿದುಕೊಡುವಾಗ ಇನ್ನೊಂದು ಅರ್ಥವೇ?

ಶನಿವಾರ ಎರಡು ಬಸ್ಸು ಬದಲಿಸಿ ಹೋಗಿ ಮಾವನನ್ನು ನೋಡಿ ಬಂದೆ. ಶರ್ಟಿನ ಒಳಗೆ ಭುಜ ಇಳಿದುಹೋಗಿದೆ. ಹೀಗೆ ಹೀಗೆ, ಮಗು ಬರೆದದ್ದರ ಅರ್ಥ ಬೇರೆ, ನೀವು ಅದನ್ನೇ ಹೇಳಿ ಎಂದೆ. ಅವರು ಬೇಡ ಎಂದು ಕೈ ಆಡಿಸಿದರು.

‘ಬಿಡು ಅಮ್ಮಣಿ. ಯಾರೋ ಒಬ್ರು ಇಲ್ಲಿ ಇರ್ಬೇಕಲ್ಲ. ನಾ ಇರ್ತೀನಿ’ ಎಂದರು.

ಏನು ಮಾತು ಇದು? ಮುದುಕರಿಗೆ ಬುದ್ಧಿ ಕಲಕಿದೆ ಎಂದು ವಕೀಲರು ಹೇಳುತ್ತಾರೆ. ತಾನು ಮಾಡಿಲ್ಲ ಎಂದು ಅವರು ಇವತ್ತಿನವರೆಗೆ ಯಾರ ಎದುರೂ ಹೇಳಿಲ್ಲ.

ನಿತ್ಯಾ ಶಾಲೆಗೆ ಹೋಗುತ್ತಿಲ್ಲ. ತಾತನನ್ನು ಹಿಡಿಸಿದವಳು ಎಂದು ವ್ಯಾನಿನಲ್ಲಿ ಮಕ್ಕಳು ಹೇಳಿದರಂತೆ. ಮನೆಯಲ್ಲೂ ಅವಳು ಸರಿಯಿಲ್ಲ. ಅಪ್ಪ ಒಳಗೆ ಬಂದರೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಾಳೆ. ಏನಾಯಿತು ನನ್ನ ಕಣ್ಣೇ ಎಂದರೆ ಹೇಳುವುದಿಲ್ಲ. ಅವರ ಕೋಪವೂ ಈಗ ಹೆಚ್ಚಾಗಿದೆ, ಅದಕ್ಕಿರಬಹುದು.

ಈ ಕಾಗದ ಬರೆಯುವಾಗ ನನ್ನ ಯಜಮಾನರು ಎರಡು ಸಲ ಬಂದು ಇಣುಕಿ, ಏನು ಬರೀತಿದೀಯ ಎಂದು ಕೇಳಿ ಹೋದರು. ಮಿಸ್‌ಗೆ ಬಯ್ದು ಬರೀತಿದೀನಿ ಎಂದೆ. ಚೆನ್ನಾಗಿ ಬಯ್ಯಿ ಎಂದರು.

ಅವಕ್ಕೂ ಜೀವವಿತ್ತು ಎಂದು ನನಗೆ ಪಾಠ ಹೇಳಬೇಡಿ. ಜೋಳ ಬಿತ್ತಿ ಮೂರನೇ ದಿನಕ್ಕೆ ಐವತ್ತು ನವಿಲು ಸಾಲು ಹಿಡಿದು ಬೀಜ ಕೆದಕುವುದನ್ನು ಬದುವಿನ ಮೇಲೆ ನಿಂತು ನೋಡಿದವರಿಗೆ ಮಾತ್ರ ಆ ಮಾತು ಆಡುವ ಹಕ್ಕಿದೆ. ನಮ್ಮ ಮಾವ ಅದನ್ನು ನೋಡಿಯೂ ಆ ಹಕ್ಕಿಗೆ ನೀರು ಕುಡಿಸಿದವರು.

ಬರುತ್ತೀರೋ ಇಲ್ಲವೋ?

ಸತ್ಯಾ


ಸಿಂಗಾನಲ್ಲೂರು
12 ನವೆಂಬರ್ 2024

ಸತ್ಯಾ,

ನೀವು ಕಳಿಸಿದ ಪುಟವನ್ನು ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಏಣಿ ನನ್ನದೇ. ಮೊದಲ ವಾರ ಮಕ್ಕಳಿಗೆ ಸುಲಭವಾಗಲಿ ಎಂದು ಟೂ ಎನ್ನುವುದನ್ನು ಕೊನೆಯ ಮೆಟ್ಟಿಲಿನಲ್ಲಿ ಇಟ್ಟೆ. ಅದು ಏಣಿಗೆ ಸೇರಿದ್ದಲ್ಲ, ಏಣಿಯಿಂದ ಬೀಳುವ ಜಾಗ ಎಂದು ಮುಂದಿನ ವಾರ ಹೇಳಬೇಕಿತ್ತು. ಆ ವಾರ ಆ ಪಾಠಕ್ಕೆ ಸಮಯ ಸಿಗಲಿಲ್ಲ, ಹೋಂವರ್ಕ್ ಮಾತ್ರ ಕೊಟ್ಟೆ. ನಾನು ತಪ್ಪು ಕಲಿಸಿದ ಪದವನ್ನು ನಿಮ್ಮ ಮಗಳು ನಾನು ಹೇಳಿದ ಹಾಗೆಯೇ ಬರೆದಳು. ಅದನ್ನು ಓದುವಾಗ ನಾನು ಡಿಕ್ಷನರಿಯ ಅರ್ಥದಲ್ಲಿ ಓದಿದೆ.

ಇನ್ನೊಂದು. ಶಾಲೆಯವರಿಗೆ ತೋರಿಸಿದೆ ಎಂದು ಬರೆದದ್ದು ಸುಳ್ಳು. ಅರಣ್ಯ ಇಲಾಖೆಯ ದೂರಿನ ನಂಬರಿಗೆ ಫೋಟೋ ಕಳಿಸಿದವಳು ನಾನೇ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಯಜಮಾನರಿಗೆ ವರ್ಗವಾದದ್ದೂ ಸುಳ್ಳು. ಅವರು ಈಗಲೂ ದಿನಾ ತಿರುಪ್ಪೂರಿಗೇ ಹೋಗಿ ಬರುತ್ತಾರೆ. ನಾನು ಓಡಿ ಬಂದೆ.

ಯಾಕೆ ಓಡಿದೆ ಎಂದು ಈಗ ಹೇಳಬೇಕು. ಹತ್ತು ವಾಕ್ಯ ಬರೆಯಲು ಹೇಳಿದ್ದೆ ಎಂದು ನಿಮಗೆ ತಿಳಿಸಿದ್ದೇನೆ. ಆ ಫೋಟೋದಲ್ಲಿ ಇದ್ದದ್ದು ಐದು. ಉಳಿದವು ಎಲ್ಲಿ ಎಂದು ನೀವು ಇಲ್ಲಿಯವರೆಗೆ ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಕಾರಣ ಇರಬಹುದೇ ಎಂದು ನನಗೆ ಅನುಮಾನ ಬಂದಿದೆ. ನಾಯಿ ಕಚ್ಚಿ ಕಾಲು ಹೋಗಿತ್ತು ಎಂದು ನೀವು ಬರೆದಿರಿ. ನಿತ್ಯಾ ಹಾಗೆ ಬರೆದಿಲ್ಲ. ಮೂರನೇ ವಾಕ್ಯ: ‘ಅದರ ಕಾಲುಗಳು ಕ್ವೈಟ್ ಚೆನ್ನಾಗಿವೆ, ಆದರೂ ಅದಕ್ಕೆ ನಿಲ್ಲಲು ಆಗುವುದಿಲ್ಲ.’ ನನಗೆ ಸುಳ್ಳುಗಾರ್ತಿ ಎಂದು ಬಯ್ಯುವ ಮೊದಲು ಇದನ್ನೂ ಯೋಚಿಸಿ.

ಮಿಕ್ಕ ಐದು ವಾಕ್ಯಗಳು ಹಾಳೆಯ ಹಿಂಬದಿಯಲ್ಲಿವೆ. ಮೊದಲ ದಿನ ಆತುರದಲ್ಲಿ ನಾನು ಹಾಳೆ ತಿರುಗಿಸಿಯೇ ಇರಲಿಲ್ಲ. ನಿಮ್ಮ ಮಾವನವರನ್ನು ಕರೆದುಕೊಂಡು ಹೋದ ಮರುದಿನ, ಮಾರ್ಕ್ಸ್ ಹಾಕಲು ಕುಳಿತಾಗ ಓದಿದೆ. ಅಸಲು ಹಾಳೆಯನ್ನೇ ಇದರ ಜೊತೆ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಹೀಗಿದೆ:

ನವಿಲುಗಳು ಆಲ್ಮೋಸ್ಟ್ ಎಲ್ಲ ಜೋಳವನ್ನೂ ತಿಂದವು. ನಮ್ಮ ಅಪ್ಪನಿಗೆ ಎಕ್ಸ್ಟ್ರೀಮ್ಲಿ ಕೋಪ ಬಂದಿದೆ. ಅಪ್ಪ ನೀಲಿ ಬಕೆಟ್ಟಿನಲ್ಲಿ ಜೋಳಕ್ಕೆ ಎನಫ್ ಪುಡಿ ಕಲಸಿದರು. ಅದು ರಾದರ್ ಕೆಟ್ಟ ವಾಸನೆ, ಹತ್ತಿರ ಬರಬೇಡ ಎಂದರು. ಈಗ ಆರು ನವಿಲುಗಳು ಕಂದಸಾಮಿ ಮಾಮನ ಹೊಲದಲ್ಲಿ ಹಾರ್ಡ್ಲಿ ಸ್ಲೀಪಿಂಗ್.

ಹಾರ್ಡ್ಲಿ ಎಂದರೆ ಇಲ್ಲವೆನ್ನುವಷ್ಟು ಕಡಿಮೆ, ಅವಳು ಗಾಢವಾಗಿ ಎಂದುಕೊಂಡಿದ್ದಾಳೆ. ಆ ಪದದ ಕೆಳಗೆ ಕೆಂಪು ಗೆರೆ ಇದೆ, ನೋಡಿ. ಪದ ತಪ್ಪು ಎಂದು ಗೆರೆ ಹಾಕಿದ ಮೇಲೆಯೇ ನಾನು ಏನು ಓದಿದೆ ಎಂದು ನನಗೆ ಹೊಳೆದದ್ದು. ನನ್ನ ಮೇಲೆ ನನಗಿರುವ ಸಿಟ್ಟು ನಿಮ್ಮ ಸಿಟ್ಟಿಗಿಂತ ಕಡಿಮೆಯಿಲ್ಲ.

ಇದನ್ನು ಯಾರಿಗೂ ತೋರಿಸಿಲ್ಲ. ತಾತ ಒಳಗಿದ್ದಾರೆ, ಮಗುವಿನ ಕೈಯಿಂದ ಅಪ್ಪನನ್ನೂ ಕಳಿಸಬೇಕೇ ಎಂದು ಹೆದರಿದೆ. ತೋರಿಸದೆ ಇದ್ದರೆ ಮಾಡದ ತಪ್ಪಿಗೆ ನಿಮ್ಮ ಮಾವನವರು ಒಳಗೆ ಇರುತ್ತಾರೆ. ಎರಡನ್ನೂ ಮಾಡಲಾಗದೆ ಪುಸ್ತಕದ ಮಧ್ಯೆ ಇಟ್ಟುಕೊಂಡು ಬಂದೆ. ಬರುತ್ತೀರೋ ಇಲ್ಲವೋ ಎಂದು ಕೇಳಿದ್ದೀರಿ. ಕರೆದರೆ ಬರುತ್ತೇನೆ. ಬಂದರೆ ಹಾಳೆಯ ಎರಡೂ ಬದಿಯನ್ನು ಹೇಳಬೇಕಾಗುತ್ತದೆ.

ಇಂದುಜಾ


ವೇಲಂಕಾಡು ತೋಟ
20 ಡಿಸೆಂಬರ್ 2024

ಇಂದುಜಾ ಮಿಸ್,

ನಿಮ್ಮ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಕರೆಯಲಿಲ್ಲ. ಬರೆಯಲೂ ಇಲ್ಲ. ಈಗ ಎಲ್ಲ ಮುಗಿದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಅನುಮಾನ ಸರಿ. ನನಗೆ ಗೊತ್ತಿತ್ತು. ಜೀಪು ಹೋದ ಅರ್ಧ ಗಂಟೆಗೆ ಮೋಟಾರ್ ಕೋಣೆಯಲ್ಲಿ ಆ ನೀಲಿ ಬಕೆಟ್ಟು ಕಂಡಿತು. ತಳದಲ್ಲಿ ಜೋಳ ಅಂಟಿತ್ತು, ವಾಸನೆ ಹೊಡೆಯುತ್ತಿತ್ತು. ನಾನು ಅದನ್ನು ಬೂದಿ ಹಾಕಿ ಮೂರು ಸಲ ತೊಳೆದೆ. ತೊಳೆದು ಬಂದು ನಿಮಗೆ ಫೋನ್ ಮಾಡಿದೆ. ಹನ್ನೊಂದು ಸಲವೂ ಆಮೇಲೆ ಮಾಡಿದ್ದೇ. ನಾಯಿ ಕಚ್ಚಿದ್ದು ನಾನು ಕಟ್ಟಿದ ಕತೆ. ಮಗ ಹಾಕಿದ ಜೋಳ ತಿಂದು ಬಿದ್ದಿದ್ದ ಹಕ್ಕಿಯನ್ನು ಅಪ್ಪ ಎತ್ತಿ ತಂದು ಬದುಕಿಸಲು ನೋಡಿದರು. ಅವರಿಗೂ ಮೊದಲ ದಿನವೇ ಗೊತ್ತಿತ್ತು. ಮನೆಯಲ್ಲಿ ನಾಲ್ಕೂ ಜನಕ್ಕೆ ಗೊತ್ತಿತ್ತು, ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ನಿಮ್ಮ ಮೇಲೆ ಕೋಪ ಮಾಡಿಕೊಂಡಿರುವುದು ನನಗೆ ಅನುಕೂಲವಾಗಿತ್ತು. ಆದರೂ ಅದು ಸುಳ್ಳು ಕೋಪವಲ್ಲ, ತಿಳಿದುಕೊಳ್ಳಿ. ಅದು ಈಗಲೂ ಇದೆ.

ಹಾಳೆ ಬಂದ ದಿನ ಓದಿ, ಹಿಂಬದಿ ಮುಂಬದಿ ಎರಡೂ ಓದಿ, ಒಲೆಗೆ ಹಾಕಿದೆ. ಇಷ್ಟಿಷ್ಟಾಗಿ ಹರಿಯಲೂ ಇಲ್ಲ, ಹಾಗೇ ಹಾಕಿದೆ. ನಿಮ್ಮ ಆ ಕಾಗದವನ್ನೂ ಹಾಕಿದೆ.

ಮಧ್ಯಾಹ್ನ ಯಜಮಾನರು ಊಟಕ್ಕೆ ಕೂತಾಗ ಬಕೆಟ್ಟು ತಂದು ಎಲೆಯ ಮುಂದೆ ಇಟ್ಟೆ. ಇದನ್ನು ತೊಳೆದವಳು ನಾನು ಎಂದೆ. ಅವರು ಕೈ ಒದರಿ ಎದ್ದರು. ಬಹಳ ಕೂಗಾಡಿದರು. ಎರಡು ಸಲ ಬಿತ್ತಿದ್ದನ್ನು ಮಯಿಲು ತಿಂದಿತು, ಮೂರು ಸಲ ಅರ್ಜಿ ಕೊಟ್ಟೆ, ಒಬ್ಬನೂ ಬಂದು ನೋಡಲಿಲ್ಲ, ಮಯಿಲು ಸತ್ತಾಗ ಮಾತ್ರ ಜೀಪು ಬಂತು ಎಂದರು. ಅದು ನಿಜ. ಆ ಕೋಪ ನನಗೂ ಇದೆ. ಆದರೆ ಅಪ್ಪನನ್ನು ಬಿಟ್ಟು ಹೇಗೆ ಸುಮ್ಮನೆ ಕೂತಿರಿ ಎಂದು ಕೇಳಿದ್ದಕ್ಕೆ, ವಯಸ್ಸಾದವರನ್ನು ಒಂದು ವಾರಕ್ಕೆ ಬಿಟ್ಟುಬಿಡುತ್ತಾರೆ ಅಂದುಕೊಂಡೆ ಎಂದರು. ಆಮೇಲೆ ದಿನ ಹೋಗುತ್ತಾ ಹೋಗುತ್ತಾ ಬಾಯಿ ತೆರೆಯಲು ಆಗಲಿಲ್ಲವಂತೆ.

‘ನೀವು ಹೋಗ್ತೀರಾ, ಇಲ್ಲ ಈ ಬಕೆಟ್ಟು ತಗಂಡು ನಾ ಹೋಗ್ಲಾ?’ ಎಂದೆ.

ಮೂರು ದಿನ ನನ್ನ ಜೊತೆ ಮಾತಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಸ್ನಾನ ಮಾಡಿ ವೇಷ್ಟಿ ಉಟ್ಟು ಗಾಡಿ ತೆಗೆದರು. ನಾನು ಹಿಂದೆ ಕೂತೆ. ಅಧಿಕಾರಿಯ ಎದುರು ತಾವೇ ಹೇಳಿಕೊಂಡರು. ನೀನು ಮಾಡಿದ್ದು ಯಾರಿಗೆ ಗೊತ್ತಿತ್ತು ಎಂದು ಅವರು ಕೇಳಿದಾಗ, ನನ್ನ ಹೆಂಡತಿಗೆ ಎಂದರು. ಬಕೆಟ್ಟು ತೊಳೆದದ್ದನ್ನು ನಾನೂ ಹೇಳಿದೆ. ಅದಕ್ಕೆ ನನ್ನ ಮೇಲೂ ಕೇಸು ಬರಬಹುದಂತೆ. ಬರಲಿ. ಯಜಮಾನರು ಈಗ ಒಳಗಿದ್ದಾರೆ. ಪೊಂಗಲ್ ಕಳೆದ ಮೇಲೆ ಬೇಲ್ ಸಿಗಬಹುದು ಎಂದು ವಕೀಲರು ಹೇಳುತ್ತಾರೆ.

ಹಕ್ಕಿ ಇಟ್ಟುಕೊಂಡ ಕೇಸಿಗೆ ಬೇಲ್ ಸಿಕ್ಕಿ ಮಾವ ಮನೆಗೆ ಬಂದರು. ಬಂದವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ನಾನು ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

‘ನಾ ಇನ್ನೆಷ್ಟು ದಿನ ಇರ್ತೀನಿ? ಅಲ್ಲೇ ಕುಂತಿದ್ರೆ ಏನಾಗ್ತಿತ್ತು? ಕಟ್ಟಿಕೊಂಡ ಗಂಡನ್ನ ನೀನೇ ಕರ್ಕೊಂಡೋಗಿ ಬಿಟ್ಟು ಬಂದ್ಯಲ್ಲ ಅಮ್ಮಣಿ’ ಎಂದರು.

ನಾನೂ ಸುಮ್ಮನಿರಲಿಲ್ಲ. ತಾತ ಒಳಗೆ ಹೋದದ್ದು ನನ್ನಿಂದ ಎಂದುಕೊಂಡೇ ನಿಮ್ಮ ಮೊಮ್ಮಗಳು ಬೆಳೆಯಬೇಕಿತ್ತಾ ಎಂದು ಕೇಳಿದೆ. ಅವತ್ತಿನಿಂದ ಕೊಟ್ಟಿಗೆಯ ಪಕ್ಕ ಮೂರು ಕಲ್ಲು ಹೂಡಿ ತಾವೇ ಗಂಜಿ ಕಾಯಿಸಿಕೊಳ್ಳುತ್ತಿದ್ದಾರೆ. ನಿತ್ಯಾ ಹೋದರೆ ಅವಳಿಗೂ ಒಂದು ಲೋಟ ಕೊಡುತ್ತಾರೆ. ನಾನು ಹೋದರೆ ಮುಖ ತಿರುಗಿಸುತ್ತಾರೆ. ಊರಿನಲ್ಲೂ ನನ್ನ ಹೆಸರು ಕೆಟ್ಟಿದೆ. ನೀರು ಹಿಡಿಯುವ ಕಡೆ ನೆರೆಮನೆಯ ರಾಮಾಯಿ ಅಕ್ಕ ಕೂಡ ಜಾಗ ಬಿಟ್ಟು ನಿಲ್ಲುತ್ತಾರೆ.

ಇದನ್ನೆಲ್ಲ ನಿಮ್ಮ ಕನಿಕರಕ್ಕೆ ಬರೆಯುತ್ತಿಲ್ಲ. ಒಂದು ವಿಷಯಕ್ಕೆ ಬರೆಯುತ್ತಿದ್ದೇನೆ.

ಯಜಮಾನರು ಹೋದ ದಿನ ಸಾಯಂಕಾಲ ನಿತ್ಯಾ ಬಂದು ನನ್ನ ಸೀರೆಯ ತುದಿ ಹಿಡಿದುಕೊಂಡು ನಿಂತಳು. ಆಮೇಲೆ, ಮಿಸ್ ಆ ಹಾಳೆಯನ್ನು ತಿರುಗಿಸಿ ಓದಿದರಾ, ಅಪ್ಪನ ವಿಷಯವನ್ನೂ ಅವರೇ ಹೇಳಿದರಾ ಎಂದು ಕೇಳಿದಳು. ಒಂದು ತಿಂಗಳಿಂದ ಈ ಮಗು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಮಿಸ್ ಅದನ್ನು ಓದಲೇ ಇಲ್ಲ, ಹಾಳೆ ಮಳೆಗೆ ನೆನೆದು ಹಾಳಾಯಿತಂತೆ, ಬಕೆಟ್ಟು ನೋಡಿ ಅಪ್ಪನನ್ನು ಹಿಡಿದುಕೊಟ್ಟವಳು ನಾನು ಎಂದೆ. ಸೀರೆಯ ತುದಿ ಬಿಟ್ಟು ನನ್ನ ಮುಖವನ್ನೇ ನೋಡಿದಳು.

‘ನೀನಾ ಅಮ್ಮಾ?’ ಎಂದಳು.

‘ನಾನೇ’ ಎಂದೆ.

ನೀವು ಕೂಡ ಹಾಗೇ ಹೇಳಬೇಕು. ಮುಂದೆ ಎಂದಾದರೂ, ಅವಳು ದೊಡ್ಡವಳಾಗಿ ನಿಮ್ಮನ್ನು ಹುಡುಕಿಕೊಂಡು ಬಂದು ಕೇಳಿದರೂ, ಹಿಂಬದಿ ಓದಲಿಲ್ಲ ಎನ್ನಬೇಕು. ನೀವು ನನಗೆ ಎರಡು ಸುಳ್ಳು ಬರೆದವರು, ಮೂರನೆಯದು ನಿಮಗೆ ಕಷ್ಟವಾಗಲಾರದು. ಈ ಕಾಗದವನ್ನು ಸುಟ್ಟುಬಿಡಿ. ನನಗೆ ಇನ್ನು ಬರೆಯಬೇಡಿ.

ಜನವರಿಯಿಂದ ಅವಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸುತ್ತಿದ್ದೇನೆ. ಒಂದು ತಿಂಗಳಾಯಿತು, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಲೆ ಬಾಚಲು ಕರೆದರೆ ಬರುವುದಿಲ್ಲ, ಬಾಚಣಿಗೆ ಕಿತ್ತುಕೊಂಡು ತಾತನ ಹತ್ತಿರ ಓಡುತ್ತಾಳೆ. ನಿನ್ನೆ, ಅಪ್ಪನನ್ನು ಕಳಿಸಿಬಿಟ್ಟೆಯಲ್ಲಾ ಎಂದು ತಟ್ಟೆ ಎಸೆದಳು. ತಟ್ಟೆ ನನ್ನ ಕಾಲಿಗೆ ಬಡಿದು ರಕ್ತ ಬಂತು. ನಾನು ಗದರಲಿಲ್ಲ. ಅವಳು ನನ್ನ ಮಾತು ನಂಬಿದ್ದಾಳೆ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಸತ್ಯಾ